ಹತ್ತಿಕಾಟಾದ ಎದುರು

ಕವರಿನ ಮೇಲೆ ಇದ್ದದ್ದು ಇಷ್ಟೇ:
ವಿಠೋಬ ಮಹಾಲೆ, ಹತ್ತಿಕಾಟಾದ ಎದುರು, ಕುಮಟಾ.
ಫೋನ್ ನಂಬರಿನಲ್ಲಿ ಒಂದು ಅಂಕಿ ಕಮ್ಮಿ.
ನಾನು ಊರಿಗೆ ಬಂದು ಆರು ತಿಂಗಳು.
ಸ್ಕೂಟಿಯ ಹಿಂದೆ ನನಗಿಂತ ದೊಡ್ಡ ಚೀಲ.

ಮಾಸ್ತಿಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿದೆ.
ಬುಧವಾರ. ಸಂತೆ.
ಮಣಿಸರಗಳ ಹೊರೆ ಹೊತ್ತ ಕೊರಳನ್ನು ಎತ್ತದೆಯೇ
ಬಸಳೆಯ ಕಟ್ಟು ಬಿಗಿಯುತ್ತ ಬೊಮ್ಮಿ ಗೌಡ ಅಂದಳು:
"ಕಾಟಾನಾ? ಹುಣಸೆ ಮರದ ಹತ್ರ ಎಡಕ್ಕೆ ಹೋಗು, ತಂಗಿ."
ಹುಣಸೆ ಮರ ಎಲ್ಲಿದೆ?
"ರಸ್ತೆ ಅಗಲ ಮಾಡೂಕೆ ಕಡ್ದ್ರಲೆ.
ಅದು ಇತ್ತಲೆ, ಅಲ್ಲಿಂದ ಎಡಕ್ಕೆ."

ಈ ಊರಿನಲ್ಲಿ ದಾರಿ ಶುರುವಾಗುವುದೇ ಇಲ್ಲದ್ದರಿಂದ.
ಮುಚ್ಚಿದ ಟಾಕೀಸಿನ ಹಿಂದೆ.
ಮೊದಲು ಅಂಚೆಡಬ್ಬಿ ನೇತಾಡುತ್ತಿದ್ದಲ್ಲಿ.
ಹೋದ ವರ್ಷ ತೀರಿಕೊಂಡ ಕಂಪೌಂಡರರ ಮನೆ ದಾಟಿ.
ಮ್ಯಾಪು ಪಾಪ, ಇರುವುದನ್ನಷ್ಟೇ ನಂಬಿ
ಮೂರು ಸಲ ನನ್ನನ್ನು ಮೀನು ಮಾರ್ಕೆಟ್ಟಿಗೇ ತಂದು ಬಿಟ್ಟಿತು.

ಅಲ್ಲಿ ಐಸು ಒಡೆಯುತ್ತಿದ್ದ ಜಟ್ಟಿ ಹರಿಕಂತ್ರ
ದಾರಿ ಹೇಳುವ ಬದಲು ಕತೆ ಹೇಳಿದ.
ಬಂದರಿನಲ್ಲಿ ಒಂದು ಕಾಲಕ್ಕೆ ಹತ್ತಿಯ ಗುಡ್ಡೆಗಳಿದ್ದವಂತೆ.
ಅಮೆರಿಕೆಯವರು ತಮ್ಮತಮ್ಮಲ್ಲೇ ಬಡಿದಾಡಿಕೊಂಡ ನಾಲ್ಕು ವರ್ಷ
ಕುಮಟೆಯ ನಾಯಿಗಳೂ ಅಂಡಿಗೆಗಳ ಮೇಲೆ ಮಲಗಿದವಂತೆ.
ದೇವಿಮನೆ ಘಟ್ಟ ಇಳಿದು ದಣಿದ ಎತ್ತುಗಳು
ಸಮುದ್ರಕ್ಕೆ ಮೂತಿ ಇಟ್ಟು, ಸೀನಿ,
ಹೊಡೆದುಕೊಂಡು ಬಂದವನ ಮುಖ ನೋಡುತ್ತಿದ್ದವಂತೆ:
ಇಷ್ಟು ನೀರು, ಒಂದು ಗುಟುಕೂ ಇಲ್ಲವೇ?
ಗುಡ್ಡದ ಮೇಲಿನ ದೀಪ, ಪಾತೆಮಾರಿ, ಮುಂಬಯಿ, ಅದರಾಚೆ.

ಆಮೇಲೆ ಹುಬ್ಬಳ್ಳಿಯಿಂದ ಗೋವೆಯ ಕಡೆ ಹಳಿ ಬಿತ್ತು.
ಹತ್ತಿ ರೈಲು ಹತ್ತಿತು.
ಘಟ್ಟ ಇಳಿಯಲೇ ಇಲ್ಲ.
ನೂರು ಚಿಲ್ಲರೆ ವರ್ಷ ಬಿಟ್ಟು ಈ ಊರಿಗೂ ರೈಲು ಬಂದಾಗ
ಹತ್ತಿಸಲು ಇದ್ದದ್ದು ಸಿಹಿ ಈರುಳ್ಳಿಯ ಗೊಂಚಲು.
"ಈಗ ಇಳಿಸ್ತ್ರು," ಎಂದ ಜಟ್ಟಿ,
ನನ್ನ ಚೀಲಕ್ಕೆ ಐಸಿನ ಕೈ ತಟ್ಟಿ.

ನಾನು ಅಣ್ಣಿಗೇರಿಯವಳು. ಹೇಳಲಿಲ್ಲ.
ಸಂತೆಯಿಂದ ತಂದ ಬೇಳೆ ಅಳತೆಗೆ ಬರದಿದ್ದರೆ
ನಮ್ಮವ್ವ ಸೇರು ಬೋರಲು ಹಾಕಿ ಅನ್ನುತ್ತಿದ್ದಳು:
"ಕುಮಟಿ ತೂಕ ಆತಿದು."
ಕುಮಟೆ ಅಂದರೆ ಒಂದು ಬೈಗಳು ಅಂತಲೇ ತಿಳಿದಿದ್ದೆ,
ಗಂಡನಿಗೆ ಇಲ್ಲಿ ಹಳಿ ಕಾಯುವ ಕೆಲಸ ಸಿಗುವ ತನಕ.

ಎಡಕ್ಕೆ ತಿರುಗಿದೆ.
ರಿಚಾರ್ಜ್ ಅಂಗಡಿಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ,
ಮುಷ್ಟಿಯಷ್ಟು ದಪ್ಪ. ಅದಕ್ಕೆ ಯಾರದೋ ಹೆಲ್ಮೆಟ್.
ಎದುರಿನ ಜಗಲಿಯಲ್ಲಿ ವಿಠೋಬ ಮಹಾಲೆ,
ಬನಿಯನ್ನು, ತೊಂಬತ್ತರ ಆಸುಪಾಸು.
ಪೊಟ್ಟಣವನ್ನು ಅಂಗೈಯಲ್ಲಿ ಇಟ್ಟುಕೊಂಡು
ಕಣ್ಣು ಮುಚ್ಚಿ ಒಂದು ಸಲ ಏರಿಸಿ ಇಳಿಸಿದರು.
"ಎಂಟುನೂರು ಗ್ರಾಂ. ಹತ್ತು ಕಮ್ಮಿ."
ಚೀಟಿ ನೋಡಿದೆ. ಏಳುನೂರಾ ತೊಂಬತ್ತು.
"ನಮ್ಮ ಅಜ್ಜ ಕಾಟಾದ ಮೇಲೆ ಇದ್ದ," ಎಂದರು, ಕ್ಷಮೆ ಕೇಳುವಂತೆ.

ಬಾಯಿ ತಡೆಯಲಿಲ್ಲ, ಅವ್ವನ ಮಾತು ಹೇಳಿಬಿಟ್ಟೆ.
ನಗಲಿಲ್ಲ ಅವರು. ಬಹಳ ಹೊತ್ತು ಕೊಕ್ಕೆ ನೋಡಿ,
"ನೀವು ನೀರು ಚಿಮುಕಿಸಿ ತರುತ್ತಿದ್ದಿರಿ, ಮಗಾ.
ಒಣಗಿದ ಮೇಲೆ ನಮ್ಮ ತೂಕ ಸುಳ್ಳಾಗುತ್ತಿತ್ತು."

ನಾನು ಸಹಿಗೆ ಫೋನು ಚಾಚಿದೆ.
ಗಾಜಿನ ಮೇಲೆ ಅವರ ಬೆರಳು ಹಿಡಿಯಲಿಲ್ಲ.
ಮೂರನೆಯ ಸಲಕ್ಕೆ ಒಂದು ಗೆರೆ ಬಂತು, ಸಾಕು ಅಂದೆ.
ಒಳಗಿಂದ ಸೊಸೆ ತಂದ ಪುನರ್ಪುಳಿ ನೀರು ಕುಡಿದೆ,
ಲೋಟದ ತಳದ ಸಕ್ಕರೆಯವರೆಗೂ.

ಸಂಜೆ ಗಿಬ್ ಸರ್ಕಲ್ಲಿನಲ್ಲಿ
ಔಷಧಿ ಕಂಪನಿಯ ಹುಡುಗನೊಬ್ಬ ಬೈಕು ನಿಲ್ಲಿಸಿ
ಮಹಾಲೆಯವರ ಓಣಿ ಎಲ್ಲಿ ಎಂದ.
"ಹುಣಸಿ ಮರ ಇತ್ತಲ್ರೀ," ಅಂದೆ,
ನಾನು ಎಂದೂ ಕಾಣದ ಮರದತ್ತ ಕೈ ತೋರಿ,
"ಅಲ್ಲಿಂದ ಎಡಕ್ಕ."