ಉಪವಾಸ ಅಂದರೆ

ಚೀಟಿಯಲ್ಲಿ ಅಚ್ಚಾಗಿತ್ತು:
‘ಹಿಂದಿನ ರಾತ್ರಿಯಿಂದ ಉಪವಾಸವಿರತಕ್ಕದ್ದು.’
ಕೆಂಪಾಜಮ್ಮ ಇದ್ದರು.
ರಾತ್ರಿ ಅವಲಕ್ಕಿ, ಎರಡು ಬಾಳೆಹಣ್ಣು,
ಬೆಳಗ್ಗೆ ಒಂದು ಲೋಟ ಹಾಲು,
ನಲವತ್ತು ವರ್ಷ ಸೋಮವಾರ ಸೋಮವಾರ ಇದ್ದ ಹಾಗೆ.

‘ಉಪವಾಸ ತಾನೆ?’ ಅಂದೆ.
‘ಹೂಂ ಕಣವ್ವ.’
ಮತ್ತು ನರಕ್ಕೆ ಇಳಿಯಿತು.
ಸರ್ಜನ್ ಇನ್ನೂ ಕೈ ತೊಳೆಯುತ್ತಿದ್ದರು,
ಹಾಲು ಗಂಟಲಿಗೆ ಬಂತು
ಗಂಟಲಿಂದ ಉಸಿರಿಗೆ.

ಹದಿನಾರು ವರ್ಷ, ಮಂಡ್ಯದ ಆರು ನರ್ಸಿಂಗ್ ಹೋಮು,
ಯಾರೂ ನನ್ನ ಹೆಸರು ಕೇಳಿದವರಲ್ಲ.
ಅವತ್ತು ಗೇಟಿನ ಹತ್ತಿರ ಕೇಳಿದರು:
‘ಮತ್ತು ಕೊಟ್ಟೋಳು ಯಾರು? ಹೊರಕ್ಕೆ ಕಳ್ಸಿ.’

ಮೈಸೂರಿನಿಂದ, ಕೊನೇ ರೈಲಿಗೆ,
ನಮ್ಮ ಸಂಘದ ಇಬ್ಬರು ಬಂದಿಳಿದರು.
ಜಬೀನ್ ಮೇಡಂ ಪೆನ್ನು ಕೊಟ್ಟರು:
‘ಬರಿ. ನಿಮಿಷ ನಿಮಿಷ ಬರಿ.
ನೆನಪಿಲ್ಲದ್ದನ್ನ ನೆನಪಿಲ್ಲ ಅಂತ್ಲೇ ಬರಿ.’
ಪದ್ಮರಾಜಯ್ಯನವರು ಹೊರಗೆ ಬೆಂಚಿನಲ್ಲಿ
ಕೆಂಪಾಜಮ್ಮನ ಮಗನ ಪಕ್ಕ ಕೂತು
ಆದದ್ದನ್ನು ಆದ ಹಾಗೆ ಹೇಳಿದರು,
ಅವನು ಬೈದಷ್ಟು ಹೊತ್ತೂ ಕೂತಿದ್ದರು.
ನನ್ನ ಕೇಸುಗಳನ್ನು ಯಾರ್ಯಾರೋ ಹಂಚಿಕೊಂಡರು.

ಒಂಬತ್ತನೇ ದಿನ ನಳಿಗೆ ತೆಗೆದೆವು.
ಒಡಕು ದನಿಯ ಮೊದಲ ಮಾತು:
‘ಉಪಾಸ ಕೆಡಿಸಿರ್ನಿಲ್ಲ ಕಣವ್ವ, ಸುಳ್ಳೇಳ್ನಿಲ್ಲ.’

ಆ ಭಾನುವಾರ, ಸರಸ್ವತಿಪುರಂನ ಮಹಡಿಯ ಮೇಲೆ,
ಸಂಘದ ಸಭೆ. ವಿಷಯ: ಒಂದು ಪದ.
‘ನಮ್ಮ ರೋಜಾದಲ್ಲಿ ನೀರೂ ಇಲ್ಲ,’ ಜಬೀನ್ ಮೇಡಂ.
‘ನಮ್ಮಮ್ಮಂದು ಕಾಯಿಸಿದ ನೀರು, ಸೂರ್ಯ ಇರೋವರೆಗೆ,’ ಪದ್ಮರಾಜಯ್ಯ.
ಹಿಂದಿನಿಂದ ಯಾರೋ, ‘ನಮ್ಮನೇಲಿ ಉಪ್ಪಿಟ್ಟು.’
ನಗು ಬಂತು, ಅರ್ಧಕ್ಕೇ ನಿಂತಿತು.
ಚೀಟಿ ಬರೆದವರು ನಾವೇ,
ಓದಿ ಸಹಿ ಹಾಕಿದವರೂ ನಾವೇ,
ಒಬ್ಬೊಬ್ಬರೂ ಅವರವರ ಮನೆಯ ಉಪವಾಸವನ್ನೇ ಓದಿಕೊಂಡು.

ಹೊಸ ಕರಡು ಹಿಡಿದು ಅವರ ಊರಿಗೆ ಹೋದೆ.
‘ಆಹಾರ ಸೇವಿಸಬಾರದು’ ಎಂದು ಓದಿದೆ.
ರಾಗಿ ಕೇರುತ್ತಿದ್ದ ಮೊರ ನಿಲ್ಲಿಸಿ ಅಂದರು:
‘ಸೇವ್ಸದು ಅಂದ್ರೆ ಔಸ್ದಿ ಅಲ್ವಾ?
ಬಾಯ್ಗೆ ಏನೂ ಹಾಕ್ಬ್ಯಾಡಿ ಅಂತ ಬರ್ಕೊ.
ಹಾಲೂ ಊಟವೇ ಅಂತ ಬರ್ಕೊ.’

ಹಾಗೇ ಅಚ್ಚಾಯಿತು.
ಕೆಳಗೆ ಸಂಘದ ಮುದ್ರೆ ಇದೆ, ಅವರ ಹೆಸರಿಲ್ಲ.

ಈ ಬೆಳಗ್ಗೆ, ಏಳೂವರೆ,
ಹರ್ನಿಯಾದ ನಿಂಗೇಗೌಡರನ್ನು ಕೇಳಿದೆ:
‘ಬಾಯಿಗೆ ಏನು ಹಾಕಿದಿರಿ?’
ಸೂರು ನೋಡಿದರು. ಹೆಂಡತಿಯನ್ನು ನೋಡಿದರು.
‘ಏನಿಲ್ಲ… ಬರೀ ಕಾಫಿ. ಈಗ್ತಾನೆ.’
ಸರ್ಜನ್ ಗಡಿಯಾರ ನೋಡಿ ಗೊಣಗಿದರು.
ಮಧ್ಯಾಹ್ನದ ಮೇಲೆ, ಅಂದೆ.
ಸ್ಟೂಲು ಎಳೆದುಕೊಂಡು ಕೂತೆ.