ನೀರು ಬಂದ ದಿನ

ಹಾಲಿನಲ್ಲಿ ನಾಲ್ಕು ಕಡ್ಡಿ.
ನಡುಮನೆ ಹೊಸ್ತಿಲಿಗೆ ಎರಡು.
ಹಿಂದಿನ ಶೆಡ್ಡಿಗೆ ಕಾಲಿಟ್ಟರೆ
ಒಂದು, ಅದೂ ತೂಕಡಿಸುತ್ತಾ.

"ಆರಿಸಿ, ಹತ್ತು ಎಣಿಸಿ, ಹಾಕಿ ನೋಡಿದ್ರಾ?"
ಎಲ್ಲರನ್ನೂ ಕೇಳುವುದನ್ನೇ ಕೇಳಿದೆ.
"ನೂರು ಎಣಿಸಿದೀನಿ" ಅಂದರು ಖಮರಕ್ಕ,
ಕುದಿನೀರಿನ ಬೇಸಿನ್ನಿಂದ ಬೆರಳು ತೆಗೆಯದೆ.
ಕಣ್ಣಿಗೆ ಕಾಣದ ಎಳೆ ಆ ಬೆರಳಿಗೆ ಸಿಗುತ್ತದೆ.
ನನ್ನ ಕಸುಬೂ ಅದೇ,
ಇವತ್ತು ಸಿಗುತ್ತಿಲ್ಲ.

ಶಿಡ್ಲಘಟ್ಟದ ಮಾರ್ಕೆಟ್ಟಿನಿಂದ ಗಂಡ
ಗೂಡಿನ ಫೋಟೋ ಕಳಿಸುತ್ತಾರೆ, ಯಾವ ಲಾಟು ಹಿಡೀಲಿ ಅಂತ.
ಅರ್ಧ ಇಳಿದು ಸುತ್ತುತ್ತಾ ಕೂರುತ್ತದೆ,
ಹರಾಜು ಮುಗಿದ ಮೇಲೆ ಉಳಿದರ್ಧ.
ಹೋದ ತಿಂಗಳು ಹಾಗೇ
ಮೂಟೆ ತುಂಬಾ ಜೋಡಿಗೂಡು ಮನೆಗೆ ಬಂತು.

ರೂಟರ್ ಇದ್ದದ್ದು ಟೀವಿಯ ಹಿಂದೆ, ಶೋಕೇಸಿನೊಳಗೆ,
ಮದುವೆಯ ಟೀ ಸೆಟ್ಟಿನ ಪಕ್ಕ. ಈಚೆ ತೆಗೆದೆ.
ಕಬ್ಬಿಣದ ಬೀರು ಸರಿಸಿದೆವು.
ಬೀದಿಯ ಒಂಬತ್ತು ಮನೆ ಆರನೇ ಚಾನೆಲ್ಲಿನಲ್ಲೇ
ಒಟ್ಟಿಗೆ ಮಾತಾಡುತ್ತಿದ್ದವು, ಇವರದನ್ನು
ಹನ್ನೊಂದಕ್ಕೆ ಹಾಕಿದೆ. ಅರ್ಧ ಕಡ್ಡಿ ಲಾಭ.
ಚಪ್ಪಡಿ ಗೋಡೆಯನ್ನು ಬೈದೆ. ಕಲ್ಲು ಸುಮ್ಮನಿತ್ತು.

"ಗೋಡೇದಲ್ಲ ತಪ್ಪು" ಅಂದರು.
"ನೀರು ಬಂದ ದಿನ ನೆಟ್ಟು ಬರಲ್ಲ.
ಟ್ಯಾಂಕರ್ ಬಂದ್ಹೋಗಿ ಮೂರನೇ ದಿನಕ್ಕೆ
ಒಂದೊಂದೇ ಕಡ್ಡಿ ಮೇಲೇಳ್ತದೆ."

ನಕ್ಕೆ. ಆಮೇಲೆ ತಿರುಗಿ ನೋಡಿದೆ.
ಕಿಟಕಿಗೂ ಶೆಡ್ಡಿಗೂ ಮಧ್ಯೆ, ಕಟ್ಟೆಯ ಮೇಲೆ,
ಸಾವಿರ ಲೀಟರಿನ ಕರೀ ಸಿಂಟೆಕ್ಸು
ಬೆಳಿಗ್ಗೆಯಷ್ಟೇ ಕಂಠಮಟ್ಟ ಕುಡಿದು
ಬೆವರುತ್ತಾ ಕೂತಿದೆ.
ನೀರು ಸಿಗ್ನಲ್ಲು ನುಂಗುತ್ತದೆ ಅಂತ
ಟ್ರೈನಿಂಗಿನಲ್ಲಿ ಹೇಳಿದ್ದರು, ಬರೆದುಕೊಂಡಿದ್ದೆ.
ಈ ಸೀಮೆಯಲ್ಲಿ ಅಡ್ಡ ಬರುವಷ್ಟು ನೀರು
ಎಲ್ಲಿದೆ ಅಂದುಕೊಂಡು ಮರೆತಿದ್ದೆ.

ಬಾಗಿಲ ಮೇಲೆ, ಟ್ಯಾಂಕಿನ ತಲೆಗಿಂತ ಗೇಣು ಎತ್ತರಕ್ಕೆ
ಮೊಳೆ ಹೊಡೆದು ಡಬ್ಬಿ ತೂಗುಹಾಕಿದೆ,
ಎರಡೂ ಕೊಂಬು ನೆಟ್ಟಗೆ.
ಬೇಸಿನ್ನಿನ ಹತ್ತಿರ ಮೂರು ಕಡ್ಡಿ.
ಫೋಟೋ ಇಳಿಯಿತು, ಒಂದೊಂದು ಗೂಡೂ ಬೇರೆ ಬೇರೆ ಕಾಣುವಷ್ಟು.
"ಅದು ಬೇಡ, ಮೆತ್ತಗದೆ, ಮುಂದಿನ್ದು ನೋಡಿ"
ಅಂತ ಫೋನಿಗೆ ಕೂಗಿದರು.

ನನ್ನ ಕಾಗದಕ್ಕೆ ಸಹಿ ಹಾಕುವಾಗ
ಒದ್ದೆ ಹೆಬ್ಬೆಟ್ಟು ಅಂಟಿಕೊಂಡಿತು.
ಡಬ್ಬಿ ನೋಡಿ, ಟ್ಯಾಂಕು ನೋಡಿ ಕೇಳಿದರು:
"ಅಲ್ಲಪ್ಪಾ, ನೀರು ಮುಗೀತಾ ಬಂತು ಅಂತ
ಇನ್ಮೇಲೆ ನನಗೆ ಹೇಳೋರು ಯಾರು?
ದಿನಾ ಕಟ್ಟೆ ಹತ್ತಿ
ಮುಚ್ಚಳ ತೆಗೀಬೇಕಾ?"