ಏಳು ಅಕ್ಷರದ ಕೂಲಿ

ನಮ್ಮಲ್ಲಿ ಕಲ್ಲಿಗೊಂದು ದರ, ಅಕ್ಷರಕ್ಕೊಂದು.
ಅಪ್ಪನ ಕಾಲದಲ್ಲೂ ಹಾಗೇ ಇತ್ತು.
ಸತ್ತವರ ಹೆಸರು ಉದ್ದವಿದ್ದರೆ
ಮನೆಯವರು ಬಾಗಿಲಲ್ಲೇ ನಿಂತು ಬೆರಳು ಮಡಿಸುತ್ತಾರೆ,
ಅಳುತ್ತಲೇ.

ಡೆನ್ಜಿಲ್ ನ್ಯಾನ್‌ಕಿವೆಲ್ ಸೋಮವಾರ ಬಂದ.
ಬೂಟಿಗಂಟಿದ ಮೀನಿನ ಪೊರೆ, ಕೈಯಲ್ಲಿ ಟೋಪಿ.
"ಅಮ್ಮನ ಕಲ್ಲು. ಡೇಸಿ ಅಂತ ಹಾಕು.
ಪೋರ್ತ್‌ವೆಸ್ಸಾಕ್ಕೆಲ್ಲ ಅವಳು ಡೇಸಿಯೇ.
ಆ ಇನ್ನೊಂದು ಹೆಸರು ಕರೆದರೆ ಓಗೊಡುತ್ತಿರಲಿಲ್ಲ."

ಗುರುವಾರ ಜಾಗೋ ಬಂದ, ಅವನ ತಮ್ಮ.
ಹನ್ನೊಂದು ವರ್ಷದಿಂದ ಅಣ್ಣನ ನೆರಳು ಕಂಡರೆ
ಬೀದಿ ದಾಟುವವನು. ಕಾರಣ ಒಂದು ದೋಣಿ,
ಅದೂ ಈಗ ಕೊಳೆತು ಕೆಸರಲ್ಲಿ ಕೂತಿದೆ.
ನಾಲ್ಕು ಮಡಿಕೆಯ ಜನನಪತ್ರ ಮೇಜಿನ ಮೇಲೆ ಬಿಚ್ಚಿ
ಬೆರಳಿಟ್ಟ: "ಇದು. ಒಂದಕ್ಷರ ಕಮ್ಮಿ ಮಾಡಬೇಡ."

ಲವ್‌ಡೇ.

ಪ್ರೇಮಿಗಳ ದಿನ ಅಂತ ನಗಬೇಡಿ.
ಕಾರ್ಡು, ಗುಲಾಬಿ, ಚಾಕಲೇಟು ಹುಟ್ಟುವ ಎಷ್ಟೋ ಮೊದಲು
ಜಗಳ ತೀರಿಸಲೆಂದೇ ಒಂದು ದಿನ ಗೊತ್ತುಮಾಡುತ್ತಿದ್ದರಂತೆ.
ಬೇಲಿ ಸರಿಸಿದವನು, ಕುರಿ ಕದ್ದವನು,
ಬಲೆ ಕೊಯ್ದವನು, ಕೊಯ್ಯಿಸಿಕೊಂಡವನು
ಎಲ್ಲರೂ ಬಂದು, ಬೈದು, ಬೆವರಿ,
ಕೊನೆಗೆ ಒಂದೇ ರೊಟ್ಟಿ ಮುರಿದು ಏಳಬೇಕು.
ಅಂದು ಹುಟ್ಟಿದ ಹೆಣ್ಣಿಗೆ ಆ ದಿನದ್ದೇ ಹೆಸರು.

ಬರಬರುತ್ತ ದಿನ ಮರೆತುಹೋಯಿತು, ಹೆಸರು ಉಳಿಯಿತು,
ಅಂಗಡಿ ಮುಚ್ಚಿದ ಮೇಲೂ ನೇತಾಡುವ ಬೋರ್ಡಿನ ಹಾಗೆ.

ನಮ್ಮ ಚರ್ಚಿನ ದಫ್ತರ ತೆಗೆದು ನೋಡಿದ್ದೇನೆ.
ಇಲಿ ತಿಂದು ಬಿಟ್ಟ ಹಾಳೆಗಳಲ್ಲಿ
ಒಂದು ಕಾಲಕ್ಕೆ ಮನೆಗೊಬ್ಬಳು ಲವ್‌ಡೇ:
ತವರದ ಗಣಿಯಲ್ಲಿ ಅದಿರು ಒಡೆದವಳು,
ಉಪ್ಪುಮೀನು ಪೀಪಾಯಿಗೆ ತುಂಬಿದವಳು,
ಮೂರು ದಿನ ಬದುಕಿ, ಹೆಸರು ತಂಗಿಗೆ ಬಿಟ್ಟುಹೋದವಳು.
ಆ ತಂಗಿಯೂ ಹೋಗಿ, ಮತ್ತೊಬ್ಬಳು.
ತೇಪೆ ಹಾಕಿದ ಲಂಗದಂತೆ ಕೆಳಕೆಳಗೆ ಇಳಿದ ಹೆಸರು.

ಆಮೇಲೆ ರೈಲು ಬಂತು.
ರೈಲಿನಲ್ಲಿ ಪತ್ರಿಕೆ ಬಂತು, ಪತ್ರಿಕೆಯಲ್ಲಿ
ಲಿಲಿ, ವಯೊಲೆಟ್, ಐವಿ, ಡೇಸಿ,
ಕಾರ್ನ್‌ವಾಲಿನ ತುದಿಗೆ ಒಂದಿಡೀ ಹೂದೋಟ ಬಂದಿಳಿಯಿತು.
ಹತ್ತು ವರ್ಷಕ್ಕೊಬ್ಬಳು ಲವ್‌ಡೇ. ಇಪ್ಪತ್ತಕ್ಕೊಬ್ಬಳು.
ಕೊನೆಯವಳು ಇವಳು.

ಶಾಲೆಯಲ್ಲಿ ಹುಡುಗರು ಕಾಡಿದ್ದರಂತೆ,
"ಲವ್‌ಡೇ, ರಾತ್ರಿಯಾದರೆ ನಿನ್ನ ಹೆಸರೇನೇ?"
ಹದಿನಾರಕ್ಕೆ ಮೀನುಡಬ್ಬಿಯ ಕಾರ್ಖಾನೆ ಸೇರಿದ ದಿನ
ಹಾಜರಿ ಪುಸ್ತಕದವನು ಹೆಸರು ಕೇಳಿದಾಗ
ಕಿಟಕಿಯಾಚೆ ಹುಲ್ಲಲ್ಲಿ ಕಂಡದ್ದನ್ನು ಹೇಳಿದಳು.
ಮುಂದೆ ಅದರಲ್ಲೇ ದುಡಿದಳು, ಅದರಲ್ಲೇ ಮದುವೆಯಾದಳು.

ಒಮ್ಮೆ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನನ್ನ ಕಿವಿಗೆ ಬಾಗಿ,
"ರಾಜಿಯ ಹೆಸರಿಟ್ಟುಕೊಂಡು
ಇಂಥ ಎರಡು ಹೆತ್ತೆ ನೋಡು," ಎಂದು
ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದಳು.
ಕಣ್ಣು ನಕ್ಕಿದ್ದು ನೆನಪಿಲ್ಲ.

ನಾನೇನು ಮಾಡಲಿ? ಸ್ಲೇಟು ಒಂದೇ.
ಕಡಲ ಕಡೆಯ ಮುಖಕ್ಕೆ ಏಳು ಅಕ್ಷರ,
ಗುಡ್ಡದ ಕಡೆಗೆ, ಹುಲ್ಲು ಮುಟ್ಟುವಷ್ಟು ಕೆಳಗೆ, ಐದು.
ಏಳರಲ್ಲಿ ಎರಡನೆಯದು ಗುಂಡಗಿನದು, ಅದೇ ಕಷ್ಟ.
ಉಳಿ ಸುತ್ತಿ ಬಂದು ಹೊರಟಲ್ಲಿಗೇ ಸೇರಬೇಕು.
ಕೂದಲೆಳೆ ತಪ್ಪಿದರೆ, ಬಾಯಿ ಬಿಟ್ಟ ಗಾಯ.
ಅದೊಂದಕ್ಕೇ ಇಡೀ ಮಧ್ಯಾಹ್ನ ಹಿಡಿಯಿತು.

ಅರ್ಧರ್ಧ ಎಂದು ಬರೆದು ಇಬ್ಬರಿಗೂ ಚೀಟಿ ಕಳಿಸಿದೆ.
ಶನಿವಾರ ಎರಡು ಲಕೋಟೆ ಬಂದವು.
ಡೆನ್ಜಿಲ್ ಪೂರ್ತಿ ಕಳಿಸಿದ್ದಾನೆ. ಜಾಗೋನೂ ಪೂರ್ತಿ.
ಒಬ್ಬನ ಹಂಗು ಇನ್ನೊಬ್ಬನಿಗೆ ಬೇಡ.

ಹೆಚ್ಚಿನ ದುಡ್ಡು ಮೇಜಿನ ಖಾನೆಯಲ್ಲಿದೆ,
ಕಲ್ಲಿನ ಪುಡಿ ಮೆತ್ತಿಕೊಂಡು.
ಒಬ್ಬನಿಗೆ ಮರಳಿಸಿದರೆ ಇನ್ನೊಬ್ಬ ಗೆದ್ದ ಹಾಗೆ.
ಅರ್ಧರ್ಧ ಅವರ ಕೈಗೇ ಎಣಿಸಿ ಕೊಡಬೇಕು,
ಇಬ್ಬರನ್ನೂ ಒಟ್ಟಿಗೆ ಕರೆಸಬೇಕು.
ಕುರ್ಚಿ ಎರಡಿವೆ, ಒಂದರ ಕಾಲು ಸಡಿಲ.
ಚಹಾ ಕಾಯಿಸಬಹುದು. ರೊಟ್ಟಿ ಇದೆ.

ಒಂದು ದಿನ ಗೊತ್ತುಮಾಡಬೇಕು.